ವಂಶಾವಳಿಯಲ್ಲಿ ಬಿಟ್ಟ ಹೆಸರು

ಜೂನ್ 11, 2023. ರವಿವಾರ, ರಾಮದುರ್ಗ

ಶಾಲೆ ಶುರುವಾಗಿ ಹತ್ತು ದಿನ. ಒಂಬತ್ತನೆಯ ತರಗತಿಯ ಹಾಜರಿ ಪುಸ್ತಕ ಇನ್ನೂ ಬರೆದು ಮುಗಿದಿಲ್ಲ. ಬರೆಯುತ್ತ ಕುಳಿತಾಗಲೇ ಗಾಳಿಯಂತ್ರದ ಕಂಪನಿ ಏಜೆಂಟ್ ಬಂದ. ಸವದತ್ತಿ ಆಚೆ ಗುಡ್ಡದ ಮೇಲಿನ ನಮ್ಮ ಕಲ್ಲು ಹೊಲ ಬೇಕಂತೆ. ಬಿತ್ತಿದ ಬೀಜವೂ ಹಾರಿಹೋಗುತ್ತದೆ ಎಂದು ಅಪ್ಪ ಜೀವನಪೂರ್ತಿ ಬೈದ ಹೊಲ. ಈಗ ಆ ಗಾಳಿಗೇ ಬಾಡಿಗೆ. ಮುಂಗಡವೂ ಉಂಟು. ವಿಚಿತ್ರ ಕಾಲ.

ಹೊಲ ಇನ್ನೂ ಅಪ್ಪನ ಹೆಸರಿನಲ್ಲಿದೆ. ತೀರಿಕೊಂಡು ಆರು ವರ್ಷ. ಮೊದಲು ವಂಶಾವಳಿ ಮಾಡಿಸಬೇಕು.

"ವಾರಸುದಾರರು ಕಡಿಮಿ ಇದ್ದಷ್ಟು ಕೆಲಸ ಲಗೂ ಆಗತೈತ್ರಿ ಸರ್," ಅಂದ ಏಜೆಂಟ್. ಚಹಾ ಕುಡಿದು ಹೋದ.

ನನ್ನ ಹೆಂಡತಿ ನೀಲಾ ಆಗಲೇ ಮಾಳಿಗೆಯ ಮೇಲೆ ಎರಡು ಖೋಲಿಯ ಲೆಕ್ಕ ಹಾಕುತ್ತಿದ್ದಳು.

ಜೂನ್ 14

ಇತಿಹಾಸದ ತಾಸಿನಲ್ಲಿ ಹುಡುಗರಿಗೆ ಕೇಳಿದೆ — ಅಜ್ಜನ ಅಪ್ಪನ ಹೆಸರು ಯಾರಿಗೆ ಗೊತ್ತು? ನಲವತ್ತೊಂದು ಮಂದಿಯಲ್ಲಿ ಮೂವರು ಕೈ ಎತ್ತಿದರು. ಅಜ್ಜಿಯ ಅವ್ವನ ಹೆಸರು? ಒಬ್ಬರೂ ಇಲ್ಲ. ನನಗೂ ಗೊತ್ತಿಲ್ಲ. ಎರಡೇ ತಲೆಮಾರಿಗೆ ಒಂದು ಹೆಂಗಸು ಹೀಗೆ ಅಳಿಸಿಹೋಗುತ್ತಾಳೆ. ಯಾರೂ ಅಳಿಸದೆಯೇ.

ಜೂನ್ 19

ಊರಿಗೆ ಹೋಗಿ ಬಂದೆ. ಊರಿನ ಕಂದಾಯದ ಲೆಕ್ಕ ನೋಡುವ ತಲಾಟಿ ಸಿದ್ದರಾಮ ಹೊಸಬ, ನಮ್ಮ ಮನೆತನ ಗೊತ್ತಿಲ್ಲ. ವಂಶಾವಳಿ ಬರೆಯುತ್ತ ಕೇಳಿದ: "ಹೆಣ್ಣಮಕ್ಕಳು ಅದಾರೇನ್ರಿ ಸರ್?"

ಹೊರಗೆ ಟ್ರ್ಯಾಕ್ಟರ್ ನಿಂತಿತ್ತು. ಅದರತ್ತ ನೋಡಿದೆ.

"ಇಲ್ಲ," ಅಂದೆ.

ಮೀನಾ. ನನ್ನ ತಂಗಿ. ಹತ್ತೊಂಬತ್ತು ವರ್ಷದ ಹಿಂದೆ ಬೇರೆ ಜಾತಿಯ ಸಂಜುನನ್ನು ಮದುವೆಯಾಗಿ ಬೈಲಹೊಂಗಲದಲ್ಲಿದ್ದಾಳೆ. "ನನಗ ಮಗಳಿಲ್ಲ," ಅಂದಿದ್ದರು ಅಪ್ಪ ಅವತ್ತು. ಅಪ್ಪ ಬಾಯಲ್ಲಿ ಹೇಳಿದ್ದನ್ನು ನಾನು ಕಾಗದದಲ್ಲಿ ಹೇಳಿದೆ, ಅಷ್ಟೇ. ಬಸ್ಸಿನುದ್ದಕ್ಕೂ ಇದನ್ನೇ ಅಂದುಕೊಳ್ಳುತ್ತ ಬಂದೆ.

ಅವ್ವನಿಗೆ ಸಹಿ ಮಾಡಲು ಬರುತ್ತದೆ, ಓದಲು ಬರುವುದಿಲ್ಲ. ವಂಶಾವಳಿಯ ಅಫಿಡವಿಟ್‌ಗೆ ಮನೆಯಲ್ಲೇ ಸಹಿ ಮಾಡಿಸಿದೆ. ಅಕ್ಷರ ಒಂದೊಂದಾಗಿ ಜೋಡಿಸಿ ಬರೆದಳು. ಕೆಂಚವ್ವ.

ಆಗಸ್ಟ್ 15

ಧ್ವಜಾರೋಹಣ. ನನ್ನದೇ ಭಾಷಣ. ಹೆಣ್ಣುಮಕ್ಕಳ ಸಮಾನ ಹಕ್ಕಿನ ಬಗ್ಗೆ ಹದಿನೈದು ನಿಮಿಷ. ಒಳ್ಳೆಯ ವಿಚಾರಕ್ಕೆ ಎಷ್ಟು ಸುಲಭವಾಗಿ ಚಪ್ಪಾಳೆ ಸಿಗುತ್ತದೆ! ಮಾತಾಡುವಾಗ ನಾನೂ ನಂಬಿದ್ದೆ. ಅದೇ ಆಶ್ಚರ್ಯ.

ಮುಂಗಡ ಕಳೆದ ವಾರ ಬಂದಿದೆ. ಖೋಲಿಗಳ ಕೆಲಸ ಶುರು.

ಫೆಬ್ರವರಿ 9, 2024

ಸಂಜು ಶಾಲೆಗೆ ಬಂದಿದ್ದ. ಗುರುತು ಹತ್ತಲಿಲ್ಲ. ಸ್ಟಾಫ್ ರೂಮಿನ ಬಾಗಿಲಲ್ಲೇ ನಿಂತು ಹೇಳಿದ, "ಮೀನಾಗ ಎರಡೂ ಕಿಡ್ನಿ ಹೋಗ್ಯಾವ್ರಿ. ವಾರಕ್ಕ ಮೂರು ಡಯಾಲಿಸಿಸ್. ನನ್ನ ರಕ್ತ ಹೊಂದವಲ್ದು. ನಿಮ್ಮ ಮುಂದ ಬಂದು ನಿಲ್ಲಬ್ಯಾಡ ಅಂದಿದ್ಲು. ನಾನ ಬಂದೇನಿ."

ನನಗೆ ಸಕ್ಕರೆ ಕಾಯಿಲೆ. ನನ್ನದನ್ನು ತೆಗೆದುಕೊಳ್ಳುವುದಿಲ್ಲ ಎಂಬುದು ಯಾರಿಂದಲೋ ಸಂಜುಗೂ ಗೊತ್ತಿತ್ತು. ಅವ್ವನನ್ನು ಕೇಳಲು ಬಂದಿದ್ದ.

ಅವ್ವನಿಗೆ ಹೇಳಿದೆ. ಎದ್ದು ಸೀರೆ ಬದಲಿಸಿದಳು. "ನಡಿ," ಅಂದಳು.

ಫೆಬ್ರವರಿ 26

ಬೆಳಗಾವಿಯಲ್ಲಿ ಎಲ್ಲ ತಪಾಸಣೆ ಆಯಿತು. ಅವ್ವನಿಗೆ ಅರವತ್ತೆರಡು, ಆದರೂ ಕಿಡ್ನಿ ಗಟ್ಟಿ. ಹೊಂದುತ್ತದೆ. ಹತ್ತೊಂಬತ್ತು ವರ್ಷದ ಮೇಲೆ ಅವರಿಬ್ಬರೂ ಒಂದೇ ಬೆಂಚಿನ ಮೇಲೆ. ಮೀನಾಳ ಕೈ ಹಿಡಿದು ಅವ್ವ ಉಬ್ಬಿದ ನರಗಳನ್ನು ಸವರುತ್ತಿದ್ದಳು. ಮೀನಾ ನನ್ನನ್ನು ನೋಡಿ, "ತಲಿಗೂದಲ ಎಲ್ಲಿ ಹ್ವಾದುವಣ್ಣ?" ಅಂದಳು. ನಕ್ಕಳು ಕೂಡ.

ಮಾರ್ಚ್ 4

ರಕ್ತದ ಪರೀಕ್ಷೆ ತಾಯಿ-ಮಗಳೆಂದು ಹೇಳಿದೆ. ಆದರೂ ಕಾಗದ ಬೇಕು. ಕಿಡ್ನಿ ಮಾರಾಟವಲ್ಲ ಎಂದು ಸಮಿತಿಗೆ ತೋರಿಸಬೇಕಂತೆ. ವಂಶಾವಳಿ.

ಸಿದ್ದರಾಮನಿಗೆ ಫೋನ್ ಮಾಡಿದೆ. "ಕಂಪ್ಯೂಟರಿನ್ಯಾಗ ನಿಮ್ಮದು ಐತ್ರಿ ಸರ್. ಅದರಾಗ ತಂಗಿಯವರಿಲ್ಲ. ಮೊದಲ ಕೊಟ್ಟಿದ್ದು ಸುಳ್ಳು ಅಂತ ನೀವ ಬಂದು ಬರಕೊಡಬೇಕ್ರಿ."

ವಕೀಲರನ್ನು ಕೇಳಿದೆ. ಸುಳ್ಳು ಅಫಿಡವಿಟ್‌ಗೆ ಕೇಸ್ ಆಗಬಹುದು, ನೌಕರಿಗೂ ಕುತ್ತು. ಕಂಪನಿ ಮುಂಗಡ ವಾಪಸ್ ಕೇಳಬಹುದು. ಎಲ್ಲವೂ "ಬಹುದು".

ನಾಳೆ ಹೋಗುತ್ತೇನೆ.

ಮಾರ್ಚ್ 22

ಹದಿನೆಂಟು ದಿನ ಬರೆದಿಲ್ಲ. ಹೋಗಲೂ ಇಲ್ಲ. ಪರೀಕ್ಷೆ ಕೆಲಸ ಅಂದೆ. ತಲಾಟಿ ಸಿಗಲಿಲ್ಲ ಅಂದೆ. ಸಂಜು ಆರು ಸಲ ಫೋನ್ ಮಾಡಿದ. ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

ಇವತ್ತು ಸಂಜೆ ಅವ್ವ ಹುಣಸೆಹಣ್ಣಿನ ಬೀಜ ತೆಗೆಯುತ್ತ ಕೇಳಿದಳು, "ರಕ್ತ ಕೊಟ್ಟು ಬಂದು ತಿಂಗಳಾತು. ಇನ್ನ ಯಾಕ ಕರಿವಲ್ರು?"

ಹೇಳಿದೆ. ಎಲ್ಲ.

"ಆ ಕಾಗದದಾಗ ನನ್ನ ಸಹಿನೂ ಐತೇನು?"

"ಐತಿ."

"ಏನಂತ ಬರದಿತ್ತು?"

"ನಿನಗ ನಾ ಒಬ್ಬನ ಅಂತ."

ಕೈ ನಿಲ್ಲಲಿಲ್ಲ. ಬೀಜ ತೆಗೆಯುತ್ತಲೇ ಇದ್ದಳು.

"ಓದಿ ಹೇಳಬೇಕಾಗಿತ್ತಲ್ಲೊ ವಿಜಯಾ. ನಿಮ್ಮಪ್ಪ ಸಿಟ್ಟಿನ್ಯಾಗ ಅಂದಿದ್ದ. ನಾ ಯಾವತ್ತೂ ಅಂದಿದ್ದಿಲ್ಲ."

ಮಾರ್ಚ್ 28

ರಜೆ ಹಾಕಿ ಊರಿಗೆ ಹೋದೆ. ಬರೆದುಕೊಟ್ಟೆ. ಮೊದಲು ಹೇಳಿದ್ದು ಸುಳ್ಳು. ನನ್ನದೇ ಅಕ್ಷರದಲ್ಲಿ. ಸಿದ್ದರಾಮ ಎರಡು ಸಲ ಓದಿ ತಲೆ ಎತ್ತದೆ ಅಂದ, "ಈಗ ಎಲ್ಲಾರೂ ಚುನಾವಣಿ ಕೆಲಸದಾಗ ಅದಾರ್ರಿ. ಮ್ಯಾಲಿನ ಸಾಹೇಬ್ರ ಸಹಿಗೆ ತಡಾ ಆಗತೈತಿ. ತಿಂಗಳ ಮೊದಲ ಬಂದಿದ್ರ ಎರಡ ದಿನದ ಕೆಲಸ ಇತ್ತು."

ನೀಲಾ ಫೋನ್ ಕೈಗೆತ್ತಿಕೊಂಡಳು. ಮೇಲಿನ ಖೋಲಿಗೆ ಬಣ್ಣ ಹಚ್ಚುವವರಿಗೆ ಬರಬೇಡಿ ಅಂದಳು.

ಏಪ್ರಿಲ್ 13

ಮೀನಾಳಿಗೆ ಜ್ವರ. ಸೋಂಕು ಎದೆಗೆ ಇಳಿದಿದೆ. ಬೆಳಗಾವಿಗೆ ಒಯ್ದಿದ್ದಾರೆ.

ಏಪ್ರಿಲ್ 24

ವಂಶಾವಳಿ ಬಂತು. ಅಪ್ಪನ ಹೆಸರು, ಕೆಳಗೆ ಎರಡು ಗೆರೆ. ಒಂದು ನನಗೆ, ಒಂದು ಮೀನಾಳಿಗೆ.

ಡಾಕ್ಟರರು ಕಾಗದವನ್ನು ಮುಟ್ಟಲಿಲ್ಲ. ಹೃದಯ ಸೋತಿದೆ, ಆಪರೇಶನ್ ತಾಳುವುದಿಲ್ಲ ಅಂದರು. ಇನ್ನು ಮುಂದೆಯೂ. ಅವ್ವ ಅವರ ಮೇಜು ಹಿಡಿದು ನಿಂತಿದ್ದಳು. "ನಂದು ಗಟ್ಟಿ ಐತಂದಿದ್ರಿ. ತಗೊಳ್ರಿ," ಅನ್ನುತ್ತಲೇ ಇದ್ದಳು.

ಮೇ 12. ರವಿವಾರ, ಬೈಲಹೊಂಗಲ

ಅವ್ವ ಈಗ ಇಲ್ಲೇ ಇರುತ್ತಾಳೆ. ರಾಮದುರ್ಗಕ್ಕೆ ಕರೆಯಲಿಲ್ಲ. ಕರೆಯುವ ಮುಖವಿಲ್ಲ. ಸಂಜು ಊಟಕ್ಕೆ ಕೂಡಿಸಿದ, ಎರಡನೆಯ ರೊಟ್ಟಿ ತಾನೇ ಹಾಕಿದ.

ಮೀನಾ ಗೋಡೆಗೆ ಆನಿಕೊಂಡು ಕುಳಿತಿದ್ದಳು. ಕಾಲು ಬಾತಿವೆ. ಒಂದು ಮಾತಿಗೂ ಇನ್ನೊಂದಕ್ಕೂ ನಡುವೆ ಉಸಿರು ಹುಡುಕುತ್ತಾಳೆ. ನಾನು ಹೊರಡಲು ಎದ್ದಾಗ ಕೇಳಿದಳು, ಬಯ್ಯುವ ದನಿಯಲ್ಲಲ್ಲ, ತಿಳಿದುಕೊಳ್ಳಬೇಕೆಂಬಂತೆ:

"ಅಣ್ಣಾ, ಕೇಳಿದ್ರ ನಾ ಹೊಲದ ಕಾಗದಕ್ಕ ಸುಮ್ನ ಸಹಿ ಮಾಡ್ತಿದ್ದೆ. ಏನೂ ಬೇಡತಿದ್ದಿಲ್ಲ. ಒಂದು ಫೋನ್ ಯಾಕ ಮಾಡಲಿಲ್ಲ?"

ನಾನು ಹೇಳಿದೆ, "ಮೀನಾ, ಫೋನ್ ಮಾಡಿದ್ರ ನನಗ ತಂಗಿ ಅದಾಳ ಅಂತ ಒಪ್ಪಿಕೊಂಡಂಗ ಆಗತಿತ್ತು."