ಹಾಯಿಯಲ್ಲಿ ಉಳಿದ ದಾರ

ಶನಿವಾರ, ಹನ್ನೆರಡನೇ ತಾರೀಕು

ನಿನ್ನೆ ಕೆಟ್ಟ ಕನಸು. ಭಾವನ ದೋಣಿಗೆ ನಾನು ತೇಪೆ ಹಾಕಿಕೊಟ್ಟ ಹಾಯಿ ನಡುನೀರಿನಲ್ಲಿ ಪರ್ರನೆ ಹರಿಯಿತು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟು ಹೊಲಿಗೆಗೆ ಕೂತವನು ನಾನು. ಅಂಗಿ, ಪ್ಯಾಂಟು ಗೊತ್ತು, ಹಾಯಿ ಎಲ್ಲಿ ಗೊತ್ತು? ನಾಳೆ ಅದೇ ದೋಣಿಯಲ್ಲಿ ಅಕ್ಕನೂ ಹೋಗುತ್ತಾಳೆ.

ಅದಕ್ಕೇ ಇವತ್ತು ನಾನೇ ಹತ್ತಿದೆ. ದಡದುದ್ದಕ್ಕೂ ಗಾಳಿ ಗಳಿಗೆಗೊಂದು ದಿಕ್ಕಿನಿಂದ ಬೀಸುತ್ತಿತ್ತು. ನನ್ನ ಕಣ್ಣೆಲ್ಲ ಹೊಲಿಗೆಯ ಮೇಲೆ. ಗಡಿಬಿಡಿಯಲ್ಲಿ ಕತ್ತರಿಸದೆ ಬಿಟ್ಟ ಎರಡು ದಾರದ ತುದಿಗಳನ್ನು ನೋಡಿ ನಾಚಿಕೆಯಾಯಿತು. ಆದರೆ ಒಂದು ವಿಚಿತ್ರ! ಹಾಯಿಗೆ ಅಂಟಿಕೊಂಡಂತೆ ಹಾರುತ್ತಿದ್ದ ಆ ದಾರಗಳು ಇದ್ದಕ್ಕಿದ್ದಂತೆ ಮೇಲೆದ್ದು ಕುಣಿಯುತ್ತಿದ್ದವು. ಅದಾದ ಮೇಲೆಯೇ ಹಾಯಿ ಪಟಪಟ ಬಡಿದುಕೊಳ್ಳುತ್ತಿತ್ತು. ಮೂರು ಸಲವೂ ಹಾಗೇ.

ನಾಲ್ಕನೇ ಸಲ, "ಭಾವ, ಈಗ ಬಡಿಯುತ್ತೆ ನೋಡಿ," ಅಂದೆ. ಬಡಿಯಿತು.

"ಎಲಾ ಟೈಲರಪ್ಪ! ನಿಂಗೆ ಹೇಗೋ ಗೊತ್ತಾಯ್ತು?"

ದಾರ ತೋರಿಸಿ, ಕತ್ತರಿಸಲು ಕತ್ತರಿ ತೆಗೆದೆ.

"ಅದನ್ನ ಮುಟ್ಟಿದ್ರೆ ನಿನ್ನನ್ನೇ ನೀರಿಗೆ ಎಸೀತೀನಿ. ಅಲ್ಲಿದ್ದ ಗಾಳಿ ತೋರಿಸೋ ರಿಬ್ಬನ್ ಕಿತ್ತುಹೋದಾಗಿನಿಂದ ನಾನು ಬರೀ ಅಂದಾಜಿನಲ್ಲೇ ಓಡಿಸ್ತಿದೀನಿ!"

ಖುಷಿಯಾಯಿತು. ದಡ ಸೇರುವವರೆಗೂ ಹೊಲಿಗೆ ಬಿಚ್ಚಲಿಲ್ಲ. ದಾರಕ್ಕೆ ನಮಗಿಂತ ಮೊದಲು ಗಾಳಿ ತಿಳಿಯುವುದಾದರೂ ಹೇಗೆ? ಈಗ ಮಲಗಿದರೆ ಹೊಸ ಚಿಂತೆ. ಅದು ದಿನವಿಡೀ ಕುಣಿದು ಕುಣಿದು ಬುಡದ ಗಂಟೇ ಸಡಿಲವಾಗಿ ತೇಪೆ ಬಿಚ್ಚಿಕೊಂಡರೆ? ಬೆಳಗ್ಗೆ ಎದ್ದಕೂಡಲೇ ಹೇಳಬೇಕು: ಭಾವ, ಅಕ್ಕನನ್ನು ಹತ್ತಿಸುವ ಮೊದಲು ಆ ಗಂಟನ್ನು ಇನ್ನೊಂದು ಸಲ ಎಳೆದು ನೋಡಿಬಿಡಿ.