ಮುಳ್ಳು ಓದುವ ಮಗಳು

ವರ್ಕ್‌ಶಾಪಿನ ಮೇಲಿನ ಕೋಣೆ
ಇಪ್ಪತ್ತೈದನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ, ನಿನ್ನ ಮೊಂಡು ಮಗಳ ನಮಸ್ಕಾರ.

ನಿನ್ನ ಕಾಗದ ತಲುಪಿತು. ಒಂದನೇ ತಾರೀಖು ನಾನು ಹಾಜರಾಗದಿದ್ದರೆ ನಿಮ್ಮೂರಿನ ರೇಡಾರ್ ಪ್ರಯೋಗಾಲಯದ ಕೆಲಸ ಬೇರೆಯವರ ಪಾಲಾಗುತ್ತದೆ ಎಂಬುದು ನನಗೂ ಗೊತ್ತು. ಕಿಟಕಿ ಪಕ್ಕದ ಮಂಚವನ್ನು ನನಗಾಗಿ ಖಾಲಿ ಮಾಡಿದ್ದೀಯಂತೆ. ಅದನ್ನು ಓದಿ ಸ್ವಲ್ಪ ಅತ್ತೆ. ಆದರೆ ನಾನು ಬರುವ ಹಾಗಿಲ್ಲ. ಅದರ ಕಾರಣವನ್ನು ಒಂಬತ್ತು ತಿಂಗಳಿಂದ ನಿನ್ನಿಂದ ಮುಚ್ಚಿಟ್ಟಿದ್ದೇನೆ.

ಅಪ್ಪನಿಗೆ ಕಣ್ಣು ಕಾಣುವುದಿಲ್ಲ. ಬಾಗಿಲಲ್ಲಿ ಯಾರೋ ನಿಂತಿದ್ದಾರೆ ಎಂಬಷ್ಟು ತಿಳಿಯುತ್ತದೆ. ಯಾರು ಎಂಬುದು ಬಂದವರು ಕೆಮ್ಮಿದ ಮೇಲೆ. ರಿಪೇರಿಗೆ ಬೇಕಾದ ಮೀಟರಿನ ಮುಳ್ಳಂತೂ ಅವರ ಪಾಲಿಗೆ ಇಲ್ಲವೇ ಇಲ್ಲ. ಇನ್ನು ಸರಿಹೋಗುವುದಿಲ್ಲವೆಂದು ಡಾಕ್ಟರು ಹೇಳಿಯಾಗಿದೆ. ಬಿಟ್ಟುಹೋದವಳ ಕನಿಕರ ನನಗೆ ಬೇಡ ಅಂತ, ನಿನಗೆ ಹೇಳುವುದಿಲ್ಲವೆಂದು ಅಪ್ಪ ನನ್ನಿಂದ ಆಣೆ ಮಾಡಿಸಿಕೊಂಡಿದ್ದರು. ಇವತ್ತು ಆಣೆ ಮುರಿದೆ.

ದೋಣಿಯವರಿಗೂ ಗೊತ್ತಿಲ್ಲ. ಕಣ್ಣು ಕಾಣದವರು ರಿಪೇರಿ ಮಾಡಿದ ರೇಡಾರನ್ನು ನಂಬಿ ಮಂಜಿನಲ್ಲಿ ಸಮುದ್ರಕ್ಕೆ ಹೋಗುವವರು ಯಾರು? ಅದಕ್ಕೇ ನಮ್ಮಿಬ್ಬರದೊಂದು ಗುಟ್ಟಿನ ಭಾಷೆಯಿದೆ. ಅಪ್ಪ ಸ್ಕ್ರೂ ತಿರುಗಿಸುತ್ತಾರೆ, ನಾನು ಮುಳ್ಳು ನೋಡುತ್ತೇನೆ. ಮುಳ್ಳು ಏರಿದರೆ ‘ಟೀ ಬಿಸಿಯಾಗಿದೆ ಅಪ್ಪಾ’ ಅನ್ನುತ್ತೇನೆ, ಇಳಿದರೆ ‘ಟೀ ಆರಿಹೋಯ್ತು’. ಒಮ್ಮೆ ಹಠಮಾರಿ ರೇಡಾರ್ ಸೆಟ್ಟೊಂದಕ್ಕೆ ಹದಿನಾಲ್ಕು ಸಲ ಟೀ ಬಿಸಿ ಮಾಡಿ ಆರಿಸಿದೆ. ಕಾದು ಕೂತಿದ್ದ ದೋಣಿ ಮಾಲೀಕ, ಆವಾಗಿಂದ ಬಿಸಿ ಮಾಡ್ತಾನೇ ಇದೀಯಲ್ಲ ತಂಗಿ, ನನಗೂ ಒಂದು ಲೋಟ ಕೊಡಬಾರದಾ ಅಂದ. ಒಲೆಯನ್ನೇ ಹಚ್ಚಿರಲಿಲ್ಲ.

ಈ ವಿದ್ಯೆಯನ್ನು ನಾನು ಕಲಿತದ್ದೂ ಹೀಗೆಯೇ, ಅಪ್ಪನ ಪಕ್ಕದಲ್ಲಿ ಕೂತು. ಪುಸ್ತಕ ಆಮೇಲೆ ಓದು, ಮೊದಲು ಕೈ ಸುಟ್ಕೋ ಅಂತ ಅವರ ಪಾಠ. ಔಷಧಿ ಡಬ್ಬಿಯ ಮೇಲೆ ತಂತಿ ಸುತ್ತಿಸಿ ಮೊದಲ ರೇಡಿಯೊ ಮಾಡಿಸಿದರು. ಎಂಬತ್ತು ಸುತ್ತು ಹಾಕಿದೆ, ಬರೀ ಗೊರಗೊರ. ಆರು ಸುತ್ತು ಬಿಚ್ಚು ಅಂದರು. ಬಿಚ್ಚಿದೆ, ಯಾರೋ ಹವಾಮಾನ ಓದುತ್ತಿದ್ದರು. ರೇಡಾರಿನ ಹತ್ತಿರ ಬಂದಾಗ ಕಲಿತದ್ದೆಲ್ಲ ತಲೆಕೆಳಗಾಯಿತು. ಅಲ್ಲಿ ಅಲೆಯ ಉದ್ದವೇ ಬೆರಳಿನ ಒಂದು ಗೆಣ್ಣಿನಷ್ಟು. ಬೆಸುಗೆ ಹಾಕಿದ ತಂತಿಯ ತುದಿ ಒಂದಿಷ್ಟು ಹೆಚ್ಚು ಉಳಿದರೂ ಸೆಟ್ಟು ಮುನಿಸಿಕೊಳ್ಳುತ್ತದೆ. ಕಾವು ಹೆಚ್ಚು ಕೊಟ್ಟು ಮೂರು ಡಯೋಡುಗಳನ್ನು ಕೊಂದ ಪಾಪವೂ ನನ್ನ ಮೇಲಿದೆ. ಕೊನೆಗೊಂದು ದಿನ ರೇಡಾರಿನ ಬಾಯಿಗೆ ಎದುರಾಗಿ ತಗಡಿನ ಹಾಳೆಯೊಂದನ್ನು ನಿಲ್ಲಿಸಿ, ಮೇಜಿನ ಮೇಲೆ ಹಿಂದಕ್ಕೆ ಸರಿಸುತ್ತಾ ಹೋದೆ. ಹೆಚ್ಚುಕಡಿಮೆ ಒಂದೂವರೆ ಸೆಂಟಿಮೀಟರಿಗೊಮ್ಮೆ, ಅಂದರೆ ಅರ್ಧ ಅಲೆಗೊಮ್ಮೆ, ಮುಳ್ಳು ಏರಿ ಇಳಿಯಿತು, ಮತ್ತೆ ಏರಿ ಇಳಿಯಿತು. ಕಣ್ಣಿಗೆ ಕಾಣದ ಅಲೆಯನ್ನು ಶಾಲೆಯ ಸ್ಕೇಲಿನಲ್ಲಿ ಅಳೆದುಬಿಟ್ಟೆ ಅಮ್ಮ. ಆ ಸಂತೋಷ ಹೇಳತೀರದು. ಪಕ್ಕದಲ್ಲಿ ಅಪ್ಪ, ಟೀ ಏನಾಯ್ತು, ಟೀ ಏನಾಯ್ತು ಅಂತ ಕೇಳುತ್ತಲೇ ಇದ್ದರು.

ಈಗ ಅದೇ ಸಂತೋಷ ಕಾಲಿಗೆ ತೊಡರಿಕೊಂಡಿದೆ. ಬೆಳಗ್ಗೆ ಎಂಟರಿಂದ ಸಂಜೆ ಏಳರವರೆಗೆ ನನ್ನ ಪ್ರಪಂಚವೆಂದರೆ ಒಂದು ಮೀಟರ್, ಒಂದು ಸ್ಟೂಲು. ಬಚ್ಚಲಿಗೆ ಹೋದರೂ ಎರಡು ನಿಮಿಷಕ್ಕೆ ಕೂಗು ಬರುತ್ತದೆ. ಕಿಟಕಿಗೆ ಅಡ್ಡವಾಗಿ ಹಳೇ ಸೆಟ್ಟುಗಳನ್ನು ಪೇರಿಸಿದ್ದೇವೆ. ದೋಣಿಗಳು ಹೊರಡುವ ಸದ್ದು ಕೇಳಿಸುತ್ತದೆ, ಕಾಣಿಸುವುದಿಲ್ಲ. ಕೆಲವೊಮ್ಮೆ ಅಪ್ಪನ ಮೇಲೆ ರೇಗುತ್ತೇನೆ. ಅವರು ಸ್ಕ್ರೂಡ್ರೈವರ್ ಕೆಳಗಿಟ್ಟು ಕಾಯುತ್ತಾರೆ. ಆಗ ನನ್ನ ಮೇಲೆ ನನಗೇ ಹೇಸಿಗೆಯಾಗುತ್ತದೆ. ನಾನು ಎದ್ದುಹೋದ ದಿನ ಈ ಅಂಗಡಿ ಮುಚ್ಚುತ್ತದೆ, ಅಪ್ಪ ಕಾಣದ ಗೋಡೆಗೆ ಮುಖ ಮಾಡಿ ಕೂರುತ್ತಾರೆ. ನೀನು ಹೋದೆ. ನಾನೂ ಹೋಗಲೇ? ಆ ಮಂಚದ ಮೇಲೆ ಬೇರೇನಾದರೂ ಇಟ್ಟುಕೋ.

ಇಲ್ಲಿಂದ ಏಳಲಾರದ,
ನಿನ್ನ ಮಗಳು

ಸಂಜೆ ಸೇರಿಸಿದ್ದು: ಮಡಚಿಟ್ಟ ಕಾಗದವನ್ನು ಮತ್ತೆ ಬಿಚ್ಚಿದ್ದೇನೆ. ಮೇಲೆ ಬರೆದದ್ದರಲ್ಲಿ ಒಂದು ಸುಳ್ಳಿದೆ. ನಾನಿಲ್ಲದಿದ್ದರೆ ಅಂಗಡಿ ಮುಚ್ಚುತ್ತದೆ ಎಂಬುದು. ಅಪ್ಪ ಮಧ್ಯಾಹ್ನ ಮಲಗಿದಾಗಲೆಲ್ಲ ನಾನು ಮೇಲೆ ಬಂದು ಒಂದು ಪುಟ್ಟ ಪೆಟ್ಟಿಗೆ ಮಾಡುತ್ತಿದ್ದೆ. ಅದನ್ನು ಮೀಟರಿಗೆ ಸಿಕ್ಕಿಸಿದರೆ ಮುಳ್ಳು ಏರಿದಂತೆ ಅದರ ಕೂಗು ಕೀಚಲಾಗುತ್ತದೆ, ಇಳಿದಂತೆ ಗಡುಸಾಗುತ್ತದೆ. ಅಪ್ಪನಂಥ ಕಿವಿಯಿದ್ದರೆ ಸಾಕು, ಮುಳ್ಳು ನೋಡುವವರು ಬೇಕಿಲ್ಲ. ಅದು ಮುಗಿದು ಮೂರು ವಾರವಾಯಿತು. ನನ್ನ ಬಟ್ಟೆಗಳ ಅಡಿಯಲ್ಲಿ ಬಚ್ಚಿಟ್ಟಿದ್ದೆ. ಕೊಟ್ಟರೆ ನಾನು ಹೊರಡಲೇಬೇಕಾಗುತ್ತದೆ; ಆ ಸ್ಟೂಲು ಬಿಟ್ಟು ಎದ್ದರೆ ನಾನು ಯಾರಿಗೆ ಬೇಕಾದವಳು ಎಂಬುದು ನನಗೇ ಗೊತ್ತಿಲ್ಲ. ಆ ಭಯ ನನಗೆ.

ಈಗಷ್ಟೇ ಧೈರ್ಯ ಮಾಡಿ ಅದನ್ನು ಕೆಳಗೆ ತಂದು ಅಪ್ಪನ ಮುಂದಿಟ್ಟೆ. ಸವರಿ ನೋಡಿದರು. ಇದು ಕೂಗಿದ್ದನ್ನ ಮೂರು ವಾರದ ಹಿಂದೇನೇ ಕೇಳಿದ್ದೆ ಪುಟ್ಟಿ, ನೀನು ಕೆಳಗೆ ತರದೇ ಇದ್ರೆ ಸಾಕಪ್ಪಾ ಅಂತ ಸುಮ್ಮನಿದ್ದೆ ಅಂದರು. ಪೆಟ್ಟಿಗೆ ಈಗ ನಮ್ಮಿಬ್ಬರ ನಡುವೆ ಮೇಜಿನ ಮೇಲಿದೆ. ಇಬ್ಬರೂ ಸ್ವಿಚ್ ಮುಟ್ಟುತ್ತಿಲ್ಲ. ಒಂದನೇ ತಾರೀಖಿಗೆ ಇನ್ನು ಆರು ದಿನವಿದೆ ಅಮ್ಮ. ನೀನೇ ಬಂದು ಅದರ ಸ್ವಿಚ್ ಹಾಕು.