ನಿಮ್ಮ ಪರದೆಯ ಮೇಲಿನ ಚುಕ್ಕಿ ನನ್ನ ಮಗಳು

ಪಾರ್ಸಿಪನಿ ಕಚೇರಿಯ ಸೋನಾರ್ ಪರೀಕ್ಷಾ ವಿಭಾಗದ ಮುಖ್ಯಸ್ಥರೇ,

ಮೇ ಹನ್ನೆರಡರ ಬೆಳಗ್ಗೆ ನಿಮ್ಮ ಜರ್ಮನ್ ಕಂಪನಿ ನ್ಯೂವಾರ್ಕ್ ಕೊಲ್ಲಿಯಲ್ಲಿ ಪರೀಕ್ಷಿಸಿದ ಯಂತ್ರದಿಂದ ನನ್ನ ಮಗಳು ಸಾಯಬೇಕಿತ್ತು, ಉಳಿದಳು. ನಿಮ್ಮದೇ ಮುನ್ಸೂಚನೆಯ ಪ್ರಕಾರ ಬರುವ ಮಂಗಳವಾರ ಅದು ಮತ್ತೆ ಚಾಲೂ ಆಗುತ್ತದೆ. ಅದೇ ದಿನ ಅವಳು ಅದೇ ನೀರಿಗೆ ಇಳಿಯುತ್ತಾಳೆ. ನನಗೆ ಭಯವಾಗಿದೆ. ಇಂಗ್ಲಿಷಿನಲ್ಲಿ ಬರೆದ ಎರಡು ಪತ್ರಗಳಿಗೆ ನಿಮ್ಮ ಕಚೇರಿ 'ಸ್ವೀಕರಿಸಲಾಗಿದೆ' ಎಂದಷ್ಟೇ ಉತ್ತರಿಸಿತು. ಆದ್ದರಿಂದ ಕನ್ನಡಿಗರಾದ ನೀವು ಮನೆಯಲ್ಲಿ ಓದುವ, ನಮ್ಮ ಕನ್ನಡ ಕೂಟದ ಈ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ.

ನನ್ನ ಮಗಳು ಮಂಜರಿ, ಸೇತುವೆಗಳನ್ನು ಪರಿಶೀಲಿಸುವ ಇಂಜಿನಿಯರ್. ಕಂಬಗಳು ನೀರಿನೊಳಗೆ ಬಿರುಕು ಬಿಟ್ಟಿವೆಯೇ ಎಂದು ಡೈವ್ ಮಾಡಿ, ಕೈಯಿಂದ ತಡವಿ ನೋಡುವುದು ಅವಳ ಕೆಲಸ. ಆ ಕೆಸರು ನೀರಿನಲ್ಲಿ ಕಣ್ಣಿಗೆ ಏನೂ ಕಾಣುವುದಿಲ್ಲ. ಅಂದು ಮೂವತ್ತು ಅಡಿ ಆಳದಲ್ಲಿ, ಎದೆಯೊಳಗೇ ಯಾರೋ ಗಂಟೆ ಬಾರಿಸಿದಂತೆ ಸದ್ದು ಶುರುವಾಯಿತು. ಮೇಲೆ ಯಾವುದು, ಕೆಳಗೆ ಯಾವುದು ತಿಳಿಯಲಿಲ್ಲ. ಹೆಲ್ಮೆಟ್‌ನೊಳಗೆ ವಾಂತಿಯಾಯಿತು. ದೋಣಿಯಲ್ಲಿ ಅವಳ ಹಗ್ಗ ಹಿಡಿದಿದ್ದ ಸಹೋದ್ಯೋಗಿ ಸಿದ್ ಮೇಲಕ್ಕೆಳೆದುಕೊಂಡ. "ಅಪ್ಪಾ, ಐ ಆಮ್ ಫೈನ್. ಅಮ್ಮಂಗೆ ಮಾತ್ರ ಹೇಳ್ಬೇಡ" ಎಂದು ಆಸ್ಪತ್ರೆಯಿಂದ ಫೋನ್ ಮಾಡಿದಾಗ ಅವಳು ಕಿರುಚುತ್ತಿದ್ದಳು. ತನ್ನ ದನಿ ತನಗೇ ಕೇಳಿಸುತ್ತಿರಲಿಲ್ಲ.

ಆಮೇಲೆ ನಿಮ್ಮ ಪ್ರಕಟಣೆ ಓದಿದೆ. ಬಂದರಿಗೆ ನುಸುಳುವ ಡೈವರ್‌ಗಳನ್ನು ಸೋನಾರ್‌ನಿಂದ, ಅಂದರೆ ಶಬ್ದದ ಅಲೆಗಳಿಂದ, ಪತ್ತೆಹಚ್ಚಿ, ಭಾರೀ ಸದ್ದಿನಿಂದ ಹಿಮ್ಮೆಟ್ಟಿಸುವ ಯಂತ್ರವಂತೆ ಅದು. ಬೆಳಗ್ಗೆ ಒಂಬತ್ತು ನಲವತ್ತಕ್ಕೆ "ಯೋಜನೆಯಲ್ಲಿಲ್ಲದ ಒಬ್ಬ ಡೈವರನ್ನೂ" ಹಿಮ್ಮೆಟ್ಟಿಸಿದ್ದನ್ನು ಯಶಸ್ಸಿನ ಪಟ್ಟಿಯಲ್ಲಿ ಸೇರಿಸಿದ್ದೀರಿ. ಸಿದ್ ಹಗ್ಗ ಎಳೆದದ್ದು ಒಂಬತ್ತು ನಲವತ್ತೊಂದಕ್ಕೆ.

ಅಭಿನಂದನೆಗಳು. ಕತ್ತಲ ನೀರಿನಲ್ಲಿ ಮನುಷ್ಯರನ್ನು ಹುಡುಕಬಲ್ಲ ನಿಮ್ಮವರಿಗೆ, 'ಕೆಳಗೆ ಡೈವರ್ ಇದ್ದಾರೆ' ಎಂದು ಹಗಲು ಬೆಳಕಿನಲ್ಲಿ ದೋಣಿಯ ಮೇಲೆ ಹಾರುತ್ತಿದ್ದ ನೀಲಿ-ಬಿಳಿ ಬಾವುಟ ಕಾಣಲಿಲ್ಲವೇ? ಹಡಗುಗಳಿಗೆಲ್ಲ ಮುನ್ಸೂಚನೆ ಕಳಿಸಿದಿರಿ. ಕಿವಿ ಇರುವುದು ಹಡಗಿಗೋ, ನೀರಿನೊಳಗಿರುವ ಮನುಷ್ಯರಿಗೋ?

ಕೂಟದ ಪಿಕ್ನಿಕ್‌ನಲ್ಲಿ ನಿಮ್ಮನ್ನು ಎದುರಿಗೇ ಕೇಳಿದೆ. "ಅಂಕಲ್, ವರಿ ಮಾಡ್ಕೋಬೇಡಿ. ಪ್ರೊಸೀಜರ್ ಪ್ರಕಾರ ನೀರಲ್ಲಿ ಯಾರೂ ಇರ್ಲಿಲ್ಲ" ಎಂದಿರಿ. ಅಷ್ಟರಲ್ಲಿ ನನ್ನ ಹೆಂಡತಿ ಪಂಕಜಾಗೂ ಎಲ್ಲ ತಿಳಿದಿತ್ತು. "ಯಾರೂ ಇರ್ಲಿಲ್ವಾ? ಹಾಗಾದ್ರೆ ನಿಮ್ಮ ಮಷಿನ್ ಓಡ್ಸಿದ್ದು ಯಾರನ್ನಪ್ಪಾ?" ಎಂದಳು. ನೀವು ತಟ್ಟೆ ಹಿಡಿದು ಇನ್ನಷ್ಟು ಚಿತ್ರಾನ್ನ ಹಾಕಿಸಿಕೊಳ್ಳಲು ಹೊರಟಿರಿ.

ಮಂಗಳವಾರ ಹೋಗಬೇಡ ಎಂದು ಮಗಳಿಗೆ ಹೇಳಿದೆ. "ಕ್ರ್ಯಾಕ್ ಇದ್ರೆ ಯಾರು ನೋಡ್ತಾರೆ ಅಪ್ಪಾ?" ಎಂದಳು. ಅವಳ ಬಲಗಿವಿ ಇನ್ನೂ ಸರಿಹೋಗಿಲ್ಲ.

ಯಂತ್ರ ಮುಚ್ಚಿ ಎನ್ನುತ್ತಿಲ್ಲ. ಸ್ವಿಚ್ ಒತ್ತುವ ಮೊದಲು ನಿಮ್ಮವರೊಬ್ಬರು ಹೊರಬಂದು ಬಾವುಟ ನೋಡಲಿ. ಸಿದ್‌ಗೆ ಫೋನ್ ಮಾಡಲಿ. 'ಮೇಲೆ ಬಂದಿದ್ದಾಳೆ' ಎಂದು ಅವನು ಹೇಳುವವರೆಗೆ ಕಾಯಲಿ. ನಂಬರ್ ಎರಡೂ ಪತ್ರಗಳಲ್ಲಿದೆ. ಅಂದು ನಾನು ದಡದಲ್ಲಿರುತ್ತೇನೆ. ನಿಮ್ಮ ಸದ್ದು ಅಲ್ಲಿಗೆ ಕೇಳಿಸುವುದಿಲ್ಲ. ಸಿದ್ ಕೈಯಲ್ಲಿರುವ ಅವಳ ಹಗ್ಗ ನೋಡುತ್ತಾ ನಿಂತಿರುತ್ತೇನೆ.

ಇಂತಿ,
ನಿಮ್ಮ ಯೋಜನೆಯಲ್ಲಿಲ್ಲದ ಡೈವರ್‌ನ ಅಪ್ಪ,
ಪ್ರಾಣೇಶ, ಮಾರಿಸ್‌ಟೌನ್